ಮಕ್ಕಳ ಮೆದುಳಿನ ಕ್ಲಿನಿಕಲ್ ರಿಸರ್ಚ್‌ನಾಗ ಕೆಲಸ ಹಿಡಿಯೋದು ಹೆಂಗ? ನಮ್ಮ ರಾಯಚೂರು-ಬಳ್ಳಾರಿ-ಕೊಪ್ಪಳ ಕಡೆ ಹುಡುಗ್ರಿಗೆ ಮೊದಲಿಂದ ಕೊನೀತನಕ

ನನ್ನ ಕೆಲಸ ಏನಂತ ಊರಾಗ ಯಾರಿಗೂ ನೆಟ್ಟಗ ಗೊತ್ತಿಲ್ಲ. ಸಿಂಧನೂರು ಕಡೆ ನಮ್ಮ ದೊಡ್ಡಮ್ಮ ಮಂದಿ ಮುಂದ "ನಮ್ಮ ಹುಡುಗ ಸಣ್ಣ ಮಕ್ಕಳ ತಲಿಗೆ ವಾಯರ್ ಹಚ್ತಾನ" ಅಂತ ಹೇಳ್ಕೊಂಡು ತಿರುಗ್ತಾಳ, ಇನ್ನೊಬ್ಬ ಮಾವ ಇದ್ದಾನ ಅವ ಪ್ರತಿ ಮದುವ್ಯಾಗೂ ಹಿಡ್ಕೊಂಡು "ಮಕ್ಕಳ ಮ್ಯಾಲ ಗುಳಿಗಿ ಟೆಸ್ಟ್ ಮಾಡ್ತೀರೇನಲೇ" ಅಂತ ಕೇಳ್ತಾನ. ಇಬ್ರೂ ಅರ್ಧ ಅರ್ಧ ಸರಿ. ನಾನು ಫಾರ್ಮ್-ಡಿ (ಔಷಧಿ ಶಾಸ್ತ್ರದ ಡಿಗ್ರಿ) ಓದಿ ಒಂಬತ್ತು ವರ್ಷದಿಂದ ಮಕ್ಕಳ ನ್ಯೂರಾಲಜಿ, ಅಂದ್ರ ಮೆದುಳು-ನರದ ರೋಗದ, ಸ್ಟಡಿಗಳಿಗೆ ಕೋಆರ್ಡಿನೇಟರ್ (ಸ್ಟಡಿಯ ದಿನದಿನದ ಕೆಲಸ ನೋಡ್ಕೊಳ್ಳೋನು) ಆಗಿ ದುಡಿಯಾಕತ್ತೀನಿ. ವಾರಕ್ಕ ಒಬ್ರಾದ್ರೂ ಫೋನ್ ಹಚ್ಚಿ "ಅಣ್ಣ, ಈ ಲೈನಿಗೆ ಬರೋದು ಹೆಂಗ" ಅಂತ ಕೇಳ್ತಾರ, ಹೇಳಿದ್ದೇ ಹೇಳಿ ಬಾಯಿ ಒಣಗ್ಯದ, ಅದಕ್ಕ ಒಂದೇ ಸಲ ಬರದು ಇಡ್ತೀನಿ. ಉದ್ದ ಅದ, ಚಾ ತಗೊಂಡು ಕೂಡ್ರಿ.

ಹೆಜ್ಜೆ 1: ಮೊದಲು ಇದು ಏನು ಕೆಲಸ ಅಂತ ತಿಳ್ಕೋರಿ

ರಿಸರ್ಚ್ ಅಂದ್ರ ಲ್ಯಾಬ್‌ನಾಗ ಇಲಿ ಹಿಡ್ಕೊಂಡು ಕೂಡೋದು ಅಂತ ಭಾಳ ಮಂದಿ ತಿಳ್ಕೊಂಡಾರ. ಕ್ಲಿನಿಕಲ್ ರಿಸರ್ಚ್‌ನಾಗ ಇಲಿ ಇಲ್ಲ, ತಾಯಿ-ತಂದಿ ಕರ್ಕೊಂಡು ಬರೋ ಖರೇ ಮಗು ಇರ್ತದ. ಫಿಟ್ಸ್ ಬರೋ ಮಗು, ಕುತ್ತಿಗಿ ನಿಲ್ಲದ ಮಗು, ಎರಡು ವರ್ಷ ಆದ್ರೂ ಮಾತು ಬರದ ಮಗು, ಜ್ವರ ಬಂದು ಎಚ್ಚರ ತಪ್ಪಿದ ಮಗು. ಈ ಮಗೂಗೆ ಯಾವ ಚಿಕಿತ್ಸೆ ಚೊಲೋ, ರೋಗ ಯಾಕ ಬಂತು, ಐದು ವರ್ಷ ಆದ್ಮ್ಯಾಲ ಹೆಂಗ ಇರ್ತದ ಅನ್ನೋ ಪ್ರಶ್ನೆಗೆ ಊಹೆ ಮ್ಯಾಲ ಉತ್ತರ ಹೇಳದಂಗ ಲೆಕ್ಕ ಇಟ್ಟು ಹೇಳೋದೇ ಈ ಕೆಲಸ. ಔಷಧಿ ಟ್ರಯಲ್ ಅನ್ನೋದು ಅದ್ರಾಗ ಒಂದು ತುಂಡು ಅಷ್ಟೇ. ಸುಮ್ನೆ ನೋಡಿ ಬರಕೊಳ್ಳೋ ಸ್ಟಡಿ, ರಿಜಿಸ್ಟ್ರಿ (ಒಂದು ರೋಗದ ಮಕ್ಕಳ ಪಟ್ಟಿ ಇಡೋದು), ವರ್ಷಗಟ್ಟಲೆ ಫಾಲೋಅಪ್, ಪ್ರಶ್ನಾವಳಿ ತಯಾರು ಮಾಡೋದು ಇವೆಲ್ಲಾ ಇದೇ ಮನಿ ಖೋಲಿಗಳು.

ಇದು ಯಾಕ ಬೇಕು ಅನ್ನೋದಕ್ಕ ಎರಡು ಕಥಿ ಹೇಳ್ತೀನಿ, ಇಂಟರ್ವ್ಯೂನಾಗೂ ಕೆಲಸಕ್ಕ ಬರ್ತಾವ.

ಹುಟ್ಟಿದ ಕೂಡ್ಲೆ ಅಳದ ಕೂಸಿಗೆ, ಅಂದ್ರ ಹೆರಿಗಿ ಹೊತ್ತಿನ್ಯಾಗ ಮೆದುಳಿಗೆ ಆಕ್ಸಿಜನ್ ಕಮ್ಮಿ ಬಿದ್ದ ಕೂಸಿಗೆ, ಮೈ ತಣ್ಣಗ ಮಾಡೋ ಚಿಕಿತ್ಸೆ ಅದ. ಹುಟ್ಟಿದ 6 ತಾಸಿನೊಳಗ ಶುರು ಮಾಡಿ 33.5 ಡಿಗ್ರಿಗೆ ಇಳಿಸಿ 72 ತಾಸು ಹಂಗೇ ಇಡ್ತಾರ. ಶ್ರೀಮಂತ ದೇಶಗಳ ಟ್ರಯಲ್‌ನಾಗ ಇದು ಮೆದುಳು ಉಳಿಸ್ತದ ಅಂತ ಸಾಬೀತಾಗಿ ಅಲ್ಲಿ ರೂಢಿ ಆಗಿಬಿಟ್ಟಿತ್ತು. ನಮ್ಮ ಕಡೆ ಮಕ್ಕಳಿಗೂ ಹಂಗೇ ಆಗ್ತದೇನು ಅಂತ ಭಾರತ, ಶ್ರೀಲಂಕಾ, ಬಾಂಗ್ಲಾದೇಶದಾಗ 408 ಕೂಸುಗಳ ಮ್ಯಾಲ ಹೀಲಿಕ್ಸ್ ಅನ್ನೋ ಟ್ರಯಲ್ ಮಾಡಿದ್ರು, 2021ರಾಗ ರಿಸಲ್ಟ್ ಬಂತು. ತಣ್ಣಗ ಮಾಡಿದ ಗುಂಪಿನ್ಯಾಗ ನೂರಕ್ಕ 42 ಕೂಸು ತೀರಿಕೊಂಡಿದ್ವು, ಮಾಡದ ಗುಂಪಿನ್ಯಾಗ 31. ಅಂದ್ರ ಅಲ್ಲಿ ಜೀವ ಉಳಿಸಿದ್ದು ಇಲ್ಲಿ ಉಳಿಸಲಿಲ್ಲ, ಸಾವೇ ಹೆಚ್ಚಾತು. ಈ ಲೆಕ್ಕ ಇಲ್ಲಿ ಮಾಡದೇ ಅಲ್ಲಿಂದು ಹಂಗೇ ತಂದು ಹಚ್ಕೊಂಡಿದ್ರ ಏನಾಗ್ತಿತ್ತು ಅಂತ ನೀವೇ ಯೋಚನೆ ಮಾಡ್ರಿ.

ಎರಡನೇದು ನಮ್ಮದೇ ಮನಿ ಕಥಿ. ತುಂಗಭದ್ರಾ ಕಾಲುವಿ ನೀರು ಬಂದ ಮ್ಯಾಲ ಸಿರುಗುಪ್ಪ, ಗಂಗಾವತಿ, ಸಿಂಧನೂರು ಎಲ್ಲಾ ಭತ್ತದ ನಾಡು ಆತು. ಭತ್ತದ ಗದ್ದಿ ನೀರಿನ್ಯಾಗ ಕ್ಯುಲೆಕ್ಸ್ ಸೊಳ್ಳಿ, ಊರಾಗ ಹಂದಿ, ಗದ್ದ್ಯಾಗ ಕೊಕ್ಕರಿ, ಮೂರೂ ಕೂಡಿದ್ರ ಜಪಾನೀಸ್ ಎನ್‌ಸೆಫಲೈಟಿಸ್, ಅಂದ್ರ ಮೆದುಳು ಜ್ವರ. ಲಕ್ಷಣ ಕಾಣಿಸ್ಕೊಂಡವ್ರಾಗ ನೂರಕ್ಕ 30ರತನಕ ಸಾಯ್ತಾರ, ಉಳಿದವ್ರಾಗ ನೂರಕ್ಕ 30ರಿಂದ 50 ಮಂದಿಗೆ ಏನರ ಒಂದು ಊನ ಉಳೀತದ. 2006ರಾಗ ದೇಶದಾಗ ಮೊದಲನೇ ಸಲ 11 ಜಿಲ್ಲೆ ಆರಿಸಿ ಇದರ ಲಸಿಕಾ ಅಭಿಯಾನ ಮಾಡಿದಾಗ ಕರ್ನಾಟಕದಿಂದ ಇದ್ದದ್ದು ಬಳ್ಳಾರಿ. ಬಳ್ಳಾರಿ ವಿಮ್ಸ್‌ನಾಗ (ಈಗ ಹೆಸರು ಬದಲಾಗ್ಯದ, ಆದ್ರ ಆಟೋದವ್ರಿಗೆ ವಿಮ್ಸ್ ಅಂದ್ರೇ ತಿಳೀತದ) ಮೆದುಳಿನ ಸೋಂಕು ಅಂತ ದಾಖಲಾದ 58 ಮಕ್ಕಳ ರಕ್ತ ತಪಾಸಣೆ ಮಾಡಿದಾಗ 8 ಮಕ್ಕಳಲ್ಲಿ ಚಿಕುನ್‌ಗುನ್ಯಾ ವೈರಸ್ ಸಿಕ್ತು, ಅದು 2009ರಾಗ ಅಂತರರಾಷ್ಟ್ರೀಯ ಜರ್ನಲ್‌ನಾಗ ಛಾಪಾ ಆತು. ಕೀಲು ನೋವಿನ ಜ್ವರ ಅಂತ ಎಲ್ರೂ ತಿಳ್ಕೊಂಡಿದ್ದ ವೈರಸ್ಸು ಮೆದುಳು ಕೆಟ್ಟ ಮಕ್ಕಳಲ್ಲೂ ಕಂಡಿತು, ಅದೂ ನಮ್ಮ ವಾರ್ಡಿನ ಮಕ್ಕಳಲ್ಲಿ. ಹಂಗಾಗಿ "ಅಣ್ಣ ರಿಸರ್ಚ್ ಎಲ್ಲಾ ಬೆಂಗಳೂರಾಗ" ಅಂತ ಯಾರರ ಅಂದ್ರ ನನಗ ಸಿಟ್ಟು ಬರ್ತದ.

ಹೆಜ್ಜೆ 2: ಯಾವ ಬಾಗಿಲಿಂದ ಒಳಗ ಬರ್ತೀರಿ ನೋಡ್ರಿ

ಡಾಕ್ಟರ್ ಆಗ್ಬೇಕಂದ್ರ ದಾರಿ ಉದ್ದ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಪೀಡಿಯಾಟ್ರಿಕ್ಸ್ ಎಂಡಿ 3 ವರ್ಷ, ಆಮ್ಯಾಲ ನೀಟ್ ಎಸ್‌ಎಸ್ (ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ) ಬರದು ಪೀಡಿಯಾಟ್ರಿಕ್ ನ್ಯೂರಾಲಜಿ ಡಿಎಂ ಇನ್ನೂ 3 ವರ್ಷ. ಹನ್ನೊಂದೂವರೆ ವರ್ಷ ಆತು, ನಡುವ ಎಲ್ಲೂ ಫೇಲ್ ಆಗದಿದ್ರ. ಎಂಬಿಬಿಎಸ್ ಓದ್ತಿರೋರು ಐಸಿಎಂಆರ್‌ನ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಬಿಡ್ಬ್ಯಾಡ್ರಿ, ಎರಡು ತಿಂಗಳ ಸಣ್ಣ ಪ್ರಾಜೆಕ್ಟು, ಆದ್ರ ಪ್ರಶ್ನೆ ಹೆಂಗ ಬರೀಬೇಕು ಅನ್ನೋದು ಅಲ್ಲೇ ಕಲೀತೀರಿ.

ಒಂದು ಮಾತು, ನಮ್ಮ ಕಡೆಯವ್ರು ಮರೀಬಾರದ್ದು: ಸಂವಿಧಾನದ 371(ಜೆ) ಕಲಂ. 2012ರಾಗ ಸಂವಿಧಾನ ತಿದ್ದುಪಡಿ ಆಗಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ (ಈಗ ವಿಜಯನಗರ ಜಿಲ್ಲೆನೂ) ಮಂದಿಗೆ ಈ ಭಾಗದ ಕಾಲೇಜ್‌ಗಳಾಗ ನೂರಕ್ಕ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಾಗ 8 ಅದ. ಸರ್ಟಿಫಿಕೇಟ್ ಎಸಿ (ಉಪವಿಭಾಗಾಧಿಕಾರಿ) ಆಫೀಸಿನಿಂದ ಮಾಡಿಸ್ಬೇಕು, ಅಡ್ಮಿಶನ್ ವಾರ ಓಡಾಡಿ ಅಳೋದಕ್ಕಿಂತ ಪಿಯುಸಿ ರಜಾದಾಗೇ ಮಾಡಿಸಿ ಇಟ್ಕೋರಿ.

ಡಾಕ್ಟರ್ ಆಗದೇನೂ ಬಾಗಿಲು ಭಾಳ ಅವ. ಬಿ.ಫಾರ್ಮ್, ಫಾರ್ಮ್-ಡಿ, ಬಿಎಸ್‌ಸಿ ನರ್ಸಿಂಗ್, ಲೈಫ್ ಸೈನ್ಸ್ ಎಂಎಸ್‌ಸಿ ಮಾಡಿದವ್ರು ಸ್ಟಡಿ ಕೋಆರ್ಡಿನೇಟರ್ ಆಗ್ತಾರ, ಆಮ್ಯಾಲ ಊರೂರು ತಿರುಗಿ ಸೈಟ್ ಚೆಕ್ ಮಾಡೋ ಮಾನಿಟರ್ ಆಗ್ತಾರ. ಸೈಕಾಲಜಿ ಓದಿದವ್ರಿಗೆ ಬೆಳವಣಿಗಿ ಟೆಸ್ಟ್, ಐಕ್ಯೂ ಟೆಸ್ಟ್ ಮಾಡೋ ಕೆಲಸ. ಮೈಸೂರಿನ ವಾಕ್-ಶ್ರವಣ ಸಂಸ್ಥೆ ಆಯಿಷ್‌ನಂಥ ಕಡೆ ಸ್ಪೀಚ್ ಓದಿದವ್ರು ಮಾತು-ಭಾಷೆ ಸ್ಟಡಿಗಳಿಗೆ ಬೇಕೇ ಬೇಕು, ಫಿಸಿಯೋಥೆರಪಿ ಓದಿದವ್ರು ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಪೆಟ್ಟಾಗಿ ಮೈ ಚಲನೆ ಕೆಡೋ ತೊಂದ್ರಿ) ಸ್ಟಡಿಗಳಿಗೆ. ಇಇಜಿ (ಮೆದುಳಿನ ವಿದ್ಯುತ್ ಅಲೆ ದಾಖಲು ಮಾಡೋ ಟೆಸ್ಟ್) ಟೆಕ್ನಾಲಜಿ ಅಂತ ಬ್ಯಾರೇನೇ ಕೋರ್ಸ್ ಅದ, ನಿಮ್ಹಾನ್ಸ್‌ನಾಗೂ ಕಲಿಸ್ತಾರ, ನನ್ನ ಲೆಕ್ಕದಾಗ ನಮ್ಮ ಹುಡುಗ್ರು ಅತಿ ಕಮ್ಮಿ ಗಮನ ಕೊಟ್ಟಿರೋ ಅತಿ ಚೊಲೋ ಬಾಗಿಲು ಇದು, ಯಾಕಂದ್ರ ಅಳೋ ಮಗುವಿನ ತಲಿಗೆ ಸರಿಯಾಗಿ ಇಲೆಕ್ಟ್ರೋಡ್ ಕೂಡ್ಸೋ ಕೈ ಎಲ್ರಿಗೂ ಇರಲ್ಲ. ಲೆಕ್ಕ ಇಷ್ಟ ಇದ್ರ ಸ್ಟ್ಯಾಟಿಸ್ಟಿಕ್ಸ್ ಮಾಡ್ರಿ, ಆರ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗ್ತದ, ಮನ್ಯಾಗೇ ಕೂತು ಕಲೀರಿ. ಡಿಗ್ರಿ ಇಲ್ಲದವ್ರಿಗೂ ಫೀಲ್ಡ್ ವರ್ಕರ್ ಕೆಲಸ ಅದ, ನಾನು ಕಂಡ ಅತಿ ಹುಷಾರ ಫೀಲ್ಡ್ ವರ್ಕರ್ ಮೊದಲು ಆಶಾ ಕಾರ್ಯಕರ್ತೆ ಆಗಿದ್ದಾಕಿ.

ಹೆಜ್ಜೆ 3: ಕೆಲಸ ಸಿಗೋಕಿಂತ ಮೊದಲೇ ಕಾಯ್ದೆ ಕಲೀರಿ

ಇದು ಬೋರು, ಆದ್ರ ಇದಿಲ್ಲದೇ ಒಳಗ ಬಿಡಲ್ಲ. ಜಿಸಿಪಿ ಅಂತ ಅದ, ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಜಗತ್ತಿನ ಟ್ರಯಲ್‌ಗಳೆಲ್ಲಾ ಇದರ ಪ್ರಕಾರ ನಡೀತಾವ, ಆನ್‌ಲೈನ್ ಕೋರ್ಸ್ ಪುಕ್ಕಟೆ ಸಿಗ್ತಾವ, ಒಂದೆರಡು ದಿನದ ಕೆಲಸ, ಸರ್ಟಿಫಿಕೇಟ್ ತಗೋರಿ. ಭಾರತದಾಗ ಔಷಧಿ ಟ್ರಯಲ್ ನಡ್ಸೋ ಕಾಯ್ದೆ ಅಂದ್ರ 2019ರ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ರೂಲ್ಸ್. ಐಸಿಎಂಆರ್ 2017ರಾಗ ಮಕ್ಕಳ ರಿಸರ್ಚ್‌ಗೇ ಅಂತ ಬ್ಯಾರೆ ನೈತಿಕ ಮಾರ್ಗಸೂಚಿ ತಂದದ, ಅದನ್ನ ಎರಡು ಸಲ ಓದ್ರಿ.

ಬಾಯಿಪಾಠ ಇರಬೇಕಾದ್ದು ಇಷ್ಟು: 18ರೊಳಗಿನವ್ರಿಗೆ ತಂದಿ-ತಾಯಿ ಒಪ್ಪಿಗಿ ಬೇಕು, ಅದಲ್ಲದೇ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಒಪ್ಪಿಗಿ, 12ರಿಂದ 18ರ ಮಗುವಿನ ಲಿಖಿತ ಒಪ್ಪಿಗಿ ಬೇಕು. ಇದಕ್ಕ ಅಸೆಂಟ್ ಅಂತಾರ. ಎಥಿಕ್ಸ್ ಕಮಿಟಿ, ಅಂದ್ರ ಸ್ಟಡಿ ಸುರಕ್ಷಿತ, ನ್ಯಾಯ ಅದ ಏನು ಅಂತ ನೋಡಿ ಒಪ್ಪಿಗಿ ಕೊಡೋ ಸಮಿತಿಯೊಳಗ ಕಮ್ಮಿ ಅಂದ್ರ 7 ಮಂದಿ, ಅಧ್ಯಕ್ಷರು ಆ ಸಂಸ್ಥೆ ಹೊರಗಿನವ್ರೇ ಇರ್ಬೇಕು, ವಕೀಲ್ರು, ಸಾಮಾನ್ಯ ಮನುಷ್ಯ ಒಬ್ರು ಇರ್ಬೇಕು. ಟ್ರಯಲ್‌ನಾಗ ಇರೋ ಮಗು ಆಸ್ಪತ್ರೆ ಸೇರ್ತು, ಅಥವಾ ಏನರ ಅನಾಹುತ ಆತು ಅಂದ್ರ 24 ತಾಸಿನೊಳಗ ಸರ್ಕಾರಕ್ಕ, ಸ್ಪಾನ್ಸರ್‌ಗೆ (ಟ್ರಯಲ್ ಮಾಡ್ಸೋ ಕಂಪನಿ ಅಥವಾ ಸಂಸ್ಥೆ), ಎಥಿಕ್ಸ್ ಕಮಿಟಿಗೆ ವರದಿ ಹೋಗ್ಬೇಕು. ಭಾನುವಾರ, ಜಾತ್ರಿ, ಉಗಾದಿ ಅಂತ ನೆಪ ಇಲ್ಲ.

ಈಗ ಒಂದು ಹೋಂವರ್ಕ್. ಸಿಟಿಆರ್‌ಐ ಅಂತ ಭಾರತದ ಟ್ರಯಲ್ ರಿಜಿಸ್ಟ್ರಿ ಅದ, 2007ರಿಂದ ನಡೀತದ, ಯಾರು ಬೇಕಾದ್ರೂ ತೆಗೆದು ನೋಡ್ಬಹುದು. ಎಪಿಲೆಪ್ಸಿ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಂತ ಹುಡುಕ್ರಿ, ಹತ್ತು ಟ್ರಯಲ್ ತೆಗೀರಿ, ಪ್ರತಿಯೊಂದಕ್ಕೂ ಯಾರನ್ನ ಸೇರಿಸ್ಕೊಳ್ತಾರ, ಯಾರನ್ನ ಬಿಡ್ತಾರ, ಏನನ್ನ ಅಳೀತಾರ, ಯಾವಾಗ ಅಳೀತಾರ ಅಂತ ಒಂದು ನೋಟ್‌ಬುಕ್‌ನಾಗ ಕನ್ನಡದಾಗ ಬರೀರಿ. ಹತ್ತು ಮುಗಿಯೋ ಹೊತ್ತಿಗೆ ಪ್ರೋಟೋಕಾಲ್ (ಸ್ಟಡಿ ಹೆಂಗ ಮಾಡ್ಬೇಕು ಅಂತ ಬರದ ಯೋಜನೆ) ಅಂದ್ರ ಭಯ ಹೋಗಿರ್ತದ. ಯಾವ ಯಾವ ಆಸ್ಪತ್ರ್ಯಾಗ ಈಗ ಸ್ಟಡಿ ನಡೀತಾವ ಅನ್ನೋದೂ ಅಲ್ಲೇ ತಿಳೀತದ, ಅಂದ್ರ ಕೆಲಸ ಎಲ್ಲಿ ಖಾಲಿ ಆಗಬಹುದು ಅನ್ನೋದೂ ತಿಳೀತದ.

ಹೆಜ್ಜೆ 4: ಮಗು ನೋಡೋದು ಕಲೀರಿ

ಪುಸ್ತಕ ಓದಿ ಮಗು ಅರ್ಥ ಆಗಲ್ಲ. ಅಂಗನವಾಡಿಗೆ ಹೋಗಿ ಕೂಡ್ರಿ, ಅಕ್ಕನ ಮಕ್ಕಳನ್ನ ನೋಡ್ರಿ, ಎಷ್ಟು ತಿಂಗಳಿಗೆ ಕುತ್ತಿಗಿ ನಿಂತಿತು, ಎಷ್ಟಕ್ಕ ಬೋರಲು ಬಿತ್ತು, ಎಷ್ಟಕ್ಕ ಕೂತಿತು ಅಂತ ಬರೀರಿ. ಜಿಲ್ಲಾ ಮಟ್ಟದಾಗ ಡಿಇಐಸಿ ಅಂತ ಕೇಂದ್ರಗಳವ, 2013ರಾಗ ಶುರುವಾದ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ) ಯೋಜನೆ ಕೆಳಗ ಬರ್ತಾವ, ಬೆಳವಣಿಗಿ ತಡ ಆದ ಮಕ್ಕಳನ್ನ ಅಲ್ಲಿಗೇ ಕಳಿಸ್ತಾರ. ಕಾಲೇಜಿನಿಂದ ಪತ್ರ ತಗೊಂಡು ಹೋಗಿ ಒಂದು ತಿಂಗಳು ವಾಲಂಟಿಯರ್ ಆಗ್ತೀನಿ ಅಂದ್ರ ಕೇಳಿ ನೋಡ್ರಿ.

ಅವಧಿಗೆ ಮೊದಲು ಹುಟ್ಟಿದ ಕೂಸಿನ ವಯಸ್ಸು ಲೆಕ್ಕ ಹಾಕೋದು ಕಲೀರಿ. 32 ವಾರಕ್ಕ ಹುಟ್ಟಿದ ಕೂಸು, ಪೂರ್ತಿ 40ಕ್ಕ 8 ವಾರ ಕಮ್ಮಿ, ಹಂಗಾಗಿ ಕ್ಯಾಲೆಂಡರ್ ಪ್ರಕಾರ 6 ತಿಂಗಳ ಕೂಸನ್ನ ಸುಮಾರು 4 ತಿಂಗಳ ಕೂಸು ಅಂತ ಟೆಸ್ಟ್ ಮಾಡ್ಬೇಕು, ಎರಡು ವರ್ಷದತನಕ ಹಿಂಗೇ. ನಾನು ಶುರುವಿನ್ಯಾಗ ಇದನ್ನ ಮರೆತು ಒಂದು ಆರೋಗ್ಯವಂತ ಕೂಸಿಗೆ "ಡಿಲೇ" ಅಂತ ಬರದು ಆ ತಾಯಿ ರಾತ್ರಿಯೆಲ್ಲಾ ಅತ್ತಾಳ, ಮರುದಿನ ತಪ್ಪು ತಿಳೀತು, ಕೈ ಮುಗಿದು ಕ್ಷಮಾ ಕೇಳ್ದೆ.

ಸ್ಕೇಲ್‌ಗಳ ಹೆಸರು ಗೊತ್ತಿರಲಿ. ಹುಟ್ಟಿದಾಗಿಂದ 30 ತಿಂಗಳತನಕ ಡಾಸಿ ಅನ್ನೋ ಭಾರತದ್ದೇ ಸ್ಕೇಲ್, ಆಟಿಸಂ ಸಂಶಯಕ್ಕ 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್‌ನ 20 ಪ್ರಶ್ನೆ, ಆಟಿಸಂ ತೀವ್ರತೆಗೆ ಇಸಾ ಅನ್ನೋ 40 ಅಂಶದ್ದು, ಸೆರೆಬ್ರಲ್ ಪಾಲ್ಸಿ ಮಗು ಎಷ್ಟು ಓಡಾಡ್ತದ ಅನ್ನೋದಕ್ಕ ಜಿಎಂಎಫ್‌ಸಿಎಸ್‌ನ ಐದು ಲೆವೆಲ್. ಮೆದುಳು ಜ್ವರದಿಂದ ಉಳಿದ ಮಕ್ಕಳಿಗೆ ಲಿವರ್‌ಪೂಲ್ ಸ್ಕೋರ್ ಅಂತ ಅದ, 1ರಿಂದ 5ರತನಕ, ಐದು ಅಂದ್ರ ಪೂರ್ತಿ ಗುಣ. ದೊಡ್ಡ ಯಂತ್ರ ಏನೂ ಬ್ಯಾಡ, ತಾಯಿಗೆ ಒಂದಷ್ಟು ಪ್ರಶ್ನೆ ಕೇಳಿ, ಮಗು ಕೈಯಿಂದ ಒಂದೆರಡು ಕೆಲಸ ಮಾಡ್ಸಿ ನೋಡಿದ್ರ ಆತು.

ಇಇಜಿ ಬಗ್ಗೆ: ತಲಿ ಅಳದು 10-20 ಪದ್ಧತಿ ಪ್ರಕಾರ ಕಿವಿದೂ ಸೇರಿ 21 ಇಲೆಕ್ಟ್ರೋಡ್ ಕೂಡಿಸ್ತಾರ. ಹಿಂದಿನ ದಿನ ತಲಿ ತೊಳ್ಸಿ, ಎಣ್ಣಿ ಹಚ್ಚಬ್ಯಾಡ್ರಿ ಅಂತ ಹೇಳೋದು ನಿಮ್ಮ ಕೆಲಸ, ನಮ್ಮ ಕಡೆ ಕೂಸಿನ ನೆತ್ತಿಗೆ ಎಣ್ಣಿ ಇಲ್ಲದ ದಿನ ಇರಲ್ಲ, ಫೋನ್ ಮಾಡಿ ಎರಡು ಸಲ ನೆನಪು ಮಾಡ್ರಿ. ಇನ್ನೊಂದು, ಜವಳ ತೆಗೆದಿಲ್ಲ, ಹುಲಿಗಿಗೆ (ಹುಲಿಗೆಮ್ಮನ ಗುಡಿಗೆ) ಹೋಗಿ ತೆಗೀಬೇಕು, ಕೂದಲು ಕತ್ತರಿಸಬ್ಯಾಡ್ರಿ ಅಂತ ಅಜ್ಜಿ ಅಡ್ಡ ನಿಲ್ತಾಳ. ಇಇಜಿಗೆ ಕೂದಲು ತೆಗೀಯಂಗೇ ಇಲ್ಲ, ಒಂದು ಎಳೀನೂ ಮುಟ್ಟಲ್ಲ ಅಂತ ಮೊದಲೇ ಹೇಳಿಬಿಟ್ರ ಅರ್ಧ ಜಗಳ ಅಲ್ಲೇ ಮುಗೀತದ.

ಮತ್ತ ಫಿಟ್ಸ್ ಗುರುತಿಸೋದು. 3ರಿಂದ 12 ತಿಂಗಳ ಕೂಸಿನ್ಯಾಗ ಬರೋ ಇನ್‌ಫಂಟೈಲ್ ಸ್ಪಾಸಮ್ ಅಂತ ಅದ, ಕೂಸು ನಿದ್ದಿಯಿಂದ ಎದ್ದ ಕೂಡ್ಲೆ ತಲಿ ಬಗ್ಗಿಸಿ ಎರಡೂ ಕೈ ಮುಂದ ಚಾಚಿ ಗಕ್ಕನ ಸಲಾಂ ಹೊಡೆದಂಗ ಮಾಡ್ತದ, ಸಾಲಾಗಿ ಹತ್ತಿಪ್ಪತ್ತು ಸಲ. ಮನಿಯವ್ರು ಹೊಟ್ಟಿ ನೋವು ಅಂತಾರ, ಬೆಚ್ಚಿ ಬೀಳ್ತದ ಅಂತಾರ, ದೃಷ್ಟಿ ತೆಗೆಸ್ತಾರ, ಹಂಗೇ ತಿಂಗಳು ಕಳೀತಾವ, ಈ ರೋಗದಾಗ ಚಿಕಿತ್ಸೆ ತಡ ಆದಷ್ಟೂ ಮೆದುಳಿನ ಬೆಳವಣಿಗಿ ಹಾಳಾಗ್ತದ. ಮೊಬೈಲ್‌ನಾಗ ವಿಡಿಯೋ ಮಾಡ್ಕೊಂಡು ಬರ್ರಿ ಅಂತ ಪ್ರತಿ ತಾಯಿಗೂ ಹೇಳ್ರಿ. ಆ ವಿಡಿಯೋ ಮಾತ್ರ ನಿಮ್ಮ ವಾಟ್ಸ್ಯಾಪ್ ಗ್ರೂಪ್‌ಗೆ ಹಾಕಿದ್ರ ಕೆಲಸಾನೂ ಹೋಗ್ತದ, ಹೋಗಲೂಬೇಕು.

ಹೆಜ್ಜೆ 5: ಕೇಳೋದು ಕಲೀರಿ (ಇಲ್ಲಿ ನಮ್ಮೋರೇ ರಾಜರು)

ಇಡೀ ಕೆಲಸದ ಜೀವ ಇಲ್ಲೇ ಅದ ಅಂತ ನನ್ನ ಅಭಿಪ್ರಾಯ. ಎಷ್ಟು ದೊಡ್ಡ ಟ್ರಯಲ್ ಇರಲಿ, ಎಷ್ಟು ಕೋಟಿ ಇರಲಿ, ಕೊನೀಗೆ ಒಬ್ಬಾಕಿ ತಾಯಿ ಒಂದು ಸ್ಟೂಲ್ ಮ್ಯಾಲ ಕೂತು ನೀವು ಕೇಳಿದ್ದಕ್ಕ ಉತ್ತರ ಹೇಳ್ತಾಳ, ಅದೇ ಡೇಟಾ. ಪ್ರಶ್ನೆ ತಪ್ಪಾದ್ರ ಡೇಟಾ ತಪ್ಪು, ಅದರ ಮ್ಯಾಲ ಎಷ್ಟು ಚಂದ ಲೆಕ್ಕ ಮಾಡಿದ್ರೂ ತಪ್ಪೇ.

ಒಂದು ಕಂಪನಿ ನಮಗ ಫಿಟ್ಸ್ ಡೈರಿ ಕಳಿಸಿತ್ತು, ಕನ್ನಡಕ್ಕ ಅನುವಾದ ಮಾಡ್ಸಿದ್ದು, ಬ್ಯಾಕ್ ಟ್ರಾನ್ಸ್‌ಲೇಷನ್ (ಅನುವಾದನ ಮತ್ತ ಮೂಲ ಭಾಷೆಗೆ ತಿರುಗಿಸಿ ಹೋಲಿಸಿ ನೋಡೋದು) ಸರ್ಟಿಫಿಕೇಟ್ ಎಲ್ಲಾ ಇತ್ತು. ಅದ್ರಾಗ "ಈ ದಿನ ಸೆಳವು ಉಂಟಾಯಿತೇ?" ಅಂತ ಇತ್ತು. ಕಾಲುವಿ ದಂಡಿ ಊರಿನಾಕಿ ಒಬ್ಬಾಕಿ ತಾಯಿ ಒಂದು ತಿಂಗಳು ದಿನಾ "ಇಲ್ಲ" ಅಂತ ಟಿಕ್ ಹಾಕ್ಸಿದ್ಲು, ಯಾಕಂದ್ರ ಆಕಿಗೆ ಸೆಳವು ಅಂದ್ರ ಕಾಲುವಿ ನೀರಿನ ಸೆಳವು. ಮಗ ನೀರಿಗೆ ಹೋಗೇ ಇಲ್ಲ ಸರ್ ಅಂದ್ಲು. ಆ ತಿಂಗಳು ಮಗುವಿಗೆ ಹದಿನೈದು ಸಲ ಫಿಟ್ಸ್ ಬಂದಿತ್ತು. ನಾನು ತಲಿ ಮ್ಯಾಲ ಕೈ ಹೊತ್ತು ಕೂತೆ. ನಮ್ಮ ಕಡೆ ಫಿಟ್ಸ್ ಅಂತಾರ, ಪಿಡ್ಸು ಅಂತಾರ, ಝಟಕಾ ಅಂತಾರ, ಮೂರ್ಛಿ ಅಂತಾರ, ಕೂಸಿಗಾದ್ರ ಬಾಲಗ್ರಹ ಅಂತಾರ, ಕ್ಯಾಂಪ್‌ಗಳಾಗ (ಆಂಧ್ರದಿಂದ ಬಂದ ರೈತರ ಊರುಗಳಾಗ) ತೆಲುಗು, ತಾಂಡಾದಾಗ ಲಂಬಾಣಿ, ಮತ್ತ ಉರ್ದು ಮಾತಾಡೋ ಮನಿಗಳೂ ಭಾಳ. ಮೊದಲ ದಿನವೇ "ನೀವು ಇದಕ್ಕ ಏನಂತೀರವ್ವ" ಅಂತ ಕೇಳಿ ಆಕಿ ಹೇಳಿದ ಮಾತನ್ನೇ ಡೈರಿ ಮ್ಯಾಲ ಬರದು ಕೊಡ್ರಿ. ಛಾಪಾ ಫಾರ್ಮ್ ಬದಲಿ ಮಾಡ್ಬೇಕಂದ್ರ ಮಾತ್ರ ಎಥಿಕ್ಸ್ ಕಮಿಟಿ ಒಪ್ಪಿಗಿ ಬೇಕು, ನಿಮ್ಮಷ್ಟಕ್ಕ ನೀವು ತಿದ್ದಂಗಿಲ್ಲ.

ಸಂಬಂಧದಾಗ ಮದುವಿ ಆಗ್ಯದೇನು ಅನ್ನೋ ಪ್ರಶ್ನೆನೂ ಹಿಂಗೇ. ಮಕ್ಕಳ ನ್ಯೂರೋ ಸ್ಟಡಿಗಳಾಗ ಇದು ದೊಡ್ಡ ಪ್ರಶ್ನೆ, ಸೋದರಮಾವ-ಅಕ್ಕನ ಮಗಳ ಮದುವಿ ನಮ್ಮ ಕಡೆ ಸಾಮಾನ್ಯ, ತಂದಿ-ತಾಯಿ ಇಬ್ರಲ್ಲೂ ಒಂದೇ ಕೆಟ್ಟ ಜೀನ್ ಅಡಗಿದ್ರ ಮಗುವಿನ್ಯಾಗ ರೋಗ ಆಗಿ ಹೊರಗ ಬರೋ ಸಾಧ್ಯತೆ ಇಂಥಾ ಮದುವ್ಯಾಗ ಹೆಚ್ಚು. "ರಕ್ತಸಂಬಂಧದಲ್ಲಿ ವಿವಾಹವೇ" ಅಂತ ಓದಿದ್ರ ಇಲ್ಲ ಅಂತಾರ. "ಅವ್ವ, ನಿಮ್ಮ ಮನಿಯವ್ರು ಮದುವಿಗಿಂತ ಮೊದ್ಲು ನಿಮಗ ಏನಾಗ್ಬೇಕಿತ್ತು?" ಅಂತ ಕೇಳ್ರಿ, ನಕ್ಕು ನಾಚಿ "ನಮ್ಮ ಮಾವನೇ" ಅಂತಾಳ. ಕೇಳುವಾಗ ದನಿಯಾಗ ತಪ್ಪು ಹೊರಿಸೋ ವಾಸನಿ ಇರಬಾರ್ದು, ಅತ್ತಿ ಪಕ್ಕದಾಗ ಕೂತಿರ್ತಾಳ, ಮಗು ಹಿಂಗ ಹುಟ್ಟಿದ್ದಕ್ಕ ಸೊಸಿನೇ ಕಾರಣ ಅಂತ ಮನ್ಯಾಗ ಆಗ್ಲೇ ತೀರ್ಪು ಆಗಿರ್ತದ.

ತಾರೀಖು ಕೇಳಿದ್ರ ಯಾರಿಗೂ ನೆನಪಿರಲ್ಲ. ಮೊದಲನೇ ಸಲ ಫಿಟ್ಸ್ ಬಂದದ್ದು ಉಗಾದಿ ಮುಂಚೆಯಾ ಹಿಂದೆಯಾ, ಸೀಗಿ ಹುಣ್ಣಿಮಿಗಾ, ಎಳ್ಳಮಾಸಿಗಾ, ಭತ್ತ ನಾಟಿಯಾಗಾ ಕೊಯ್ಲಿನ್ಯಾಗಾ ಅಂತ ಕೇಳ್ರಿ, ವಾರದ ಲೆಕ್ಕಕ್ಕ ಸಿಗ್ತದ. ಹೆರಿಗಿ ವಿವರಕ್ಕ ತಾಯಿ ಕಾರ್ಡ್ ತರ್ಸಿ ನೋಡ್ರಿ, "ಹುಟ್ಟಿದ ಕೂಡ್ಲೆ ಅತ್ತಿತೇನು, ಎಷ್ಟು ದಿನ ಪೆಟ್ಟಿಗ್ಯಾಗ ಇಟ್ಟಿದ್ರು" ಇವೆರಡು ಪ್ರಶ್ನೆ ಹತ್ತು ಪ್ರಶ್ನೆಗೆ ಸಮ.

ಒಪ್ಪಿಗಿ ಪತ್ರದ ಮಾತು ಬ್ಯಾರೇನೇ. ಹತ್ತು ಹದಿನೈದು ಹಾಳಿ ಇರ್ತಾವ, ತಾಯಿ ತಲಿ ಅಲ್ಲಾಡಿಸ್ತಾಳ, ಹೆಬ್ಬೆಟ್ಟು ಒತ್ತಾಕ ಕೈ ಮುಂದ ಮಾಡ್ತಾಳ. ಅಲ್ಲೇ ನಿಲ್ಲಿಸ್ರಿ. ಡಾಕ್ಟರ್ ಹೇಳ್ಯಾರ ಅಂದ ಮ್ಯಾಲ ಬ್ಯಾಡ ಅನ್ನೋದು ಹೆಂಗ ಅನ್ನೋ ಅಂಜಿಕಿಯಿಂದ ಆಕಿ ತಲಿ ಅಲ್ಲಾಡಿಸಿರ್ತಾಳ. "ಈಗ ನಾ ಹೇಳಿದ್ದು ಮನಿಗೆ ಹೋಗಿ ನಿಮ್ಮ ಯಜಮಾನ್ರಿಗೆ ಹೆಂಗ ಹೇಳ್ತೀರಿ, ಒಂದು ಸಲ ನನಗ ಹೇಳ್ರಿ ನೋಡೋಣ" ಅನ್ರಿ. ಪ್ಲಸೀಬೊ ಅನ್ನೋದನ್ನ ನಾನು "ನೋಡಾಕ ಗುಳಿಗಿನೇ, ಒಳಗ ಔಷಧಿ ಇರಲ್ಲ, ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ ಡಾಕ್ಟರಿಗೂ ಗೊತ್ತಿಲ್ಲ, ಚೀಟಿ ಎತ್ತಿದಂಗ ಬರ್ತದ" ಅಂತ ಹೇಳ್ತೀನಿ. ಸೇರದಿದ್ರೂ ಇಲ್ಲಿ ಚಿಕಿತ್ಸೆ ನಿಲ್ಲಲ್ಲ, ನಡುವ ಬಿಟ್ಟು ಹೋದ್ರೂ ಯಾರೂ ಬೈಯಲ್ಲ ಅನ್ನೋದನ್ನ ಮೂರು ಸಲ ಹೇಳ್ರಿ. ಓದಾಕ ಬರದವ್ರಾದ್ರ ನಮ್ಮವ್ರಲ್ಲದ ಸಾಕ್ಷಿ ಒಬ್ರು ಕೂತು ಸಹಿ ಹಾಕ್ಬೇಕು. ಪೂರ್ತಿ ಹೊಸಾ ಔಷಧಿ ಆದ್ರ ಇಡೀ ಮಾತುಕತಿ ವಿಡಿಯೋ ರೆಕಾರ್ಡ್ ಆಗ್ಬೇಕು. ನಾನು ಎಲ್ಲಾ ಹೇಳಿ ಮುಗ್ಸಿದ ಮ್ಯಾಲ ಬ್ಯಾಡ ಅಂತ ಎದ್ದು ಹೋದವ್ರೂ ಇದ್ದಾರ, ಆ ದಿನ ನನ್ನ ಟಾರ್ಗೆಟ್ ತಪ್ಪಿತು, ಬೈಸ್ಕೊಂಡೆ, ಆದ್ರ ಆ ಬ್ಯಾಡ ಅಂದಾಕಿಗೆ ಮಾತ್ರ ನಾನು ಹೇಳಿದ್ದು ಪೂರ್ತಿ ತಿಳಿದಿತ್ತು ಅಂತ ಈಗ್ಲೂ ಅನಸ್ತದ.

ಹೆಜ್ಜೆ 6: ಬರಕೊಳ್ಳೋದು

ಚಿಕ್ಕದಾಗಿ ಹೇಳ್ತೀನಿ. ನೋಡಿದ ಕೂಡ್ಲೆ ಬರೀರಿ, ಯಾರು ಬರದ್ರು ಯಾವಾಗ ಬರದ್ರು ಇರ್ಬೇಕು, ತಪ್ಪಾದ್ರ ಒಂದು ಗೆರಿ ಎಳದು ಪಕ್ಕಕ್ಕ ಸರಿ ಬರದು ಸಹಿ, ತಾರೀಖು ಹಾಕ್ರಿ, ವೈಟ್ನರ್ ಅನ್ನೋದು ಈ ಆಫೀಸ್‌ನಾಗ ವಿಷ. ಬರದೇ ಇದ್ದದ್ದು ಆಗೇ ಇಲ್ಲ ಅಂತ ಲೆಕ್ಕ. ಮಗು ವಿಸಿಟ್‌ಗೆ ಬಂದಿಲ್ಲ ಅಂದ್ರ ಬಂದಿಲ್ಲ ಅಂತ ಬರೀರಿ, ಹಿಂದಿನ ಸಲದ ತೂಕಕ್ಕ ಅರ್ಧ ಕೇಜಿ ಕೂಡ್ಸಿ ತುಂಬೋ "ಜಾಣರು" ಇದ್ದಾರ, ಒಂದಿನ ಸಿಕ್ಕಿ ಬೀಳ್ತಾರ, ಸಿಕ್ಕಿ ಬೀಳದಿದ್ರ ಇನ್ನೂ ಕೆಟ್ಟದ್ದು, ಆ ಸುಳ್ಳು ಲೆಕ್ಕದ ಮ್ಯಾಲ ನಾಳೆ ಇನ್ನೊಂದು ಮಗುವಿಗೆ ಡೋಸ್ ಬರೀತಾರ. ರೆಡ್‌ಕ್ಯಾಪ್ ಅನ್ನೋ ಡೇಟಾ ಸಾಫ್ಟ್‌ವೇರ್ ಭಾಳ ಕಡೆ ಇರ್ತದ, ಒಂದು ವಾರದಾಗ ಬರ್ತದ, ಹೆದರಬ್ಯಾಡ್ರಿ.

ಹೆಜ್ಜೆ 7: ಮಗು ಮತ್ತ ಬರೋ ಹಂಗ ನೋಡ್ಕೊಳ್ಳೋದು

ಮೆದುಳಿನ ಸ್ಟಡಿ ಅಂದ್ರ ಒಂದು ದಿನದ್ದಲ್ಲ. ಮ್ಯಾಲ ಹೇಳಿದ ಹೀಲಿಕ್ಸ್‌ನಾಗೂ ಕೂಸುಗಳನ್ನ 18 ತಿಂಗಳು ದಾಟೋತನಕ ಕಾದು ನೋಡಿದ್ರು. ಅಷ್ಟು ತಿಂಗಳು ಒಂದು ಕುಟುಂಬ ನಮ್ಮ ಕಡೆ ಒಂದೇ ಊರಾಗ ಇರ್ತದೇನು? ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯವ್ರು ಮಳಿ ಕೈ ಕೊಟ್ರ ಬೆಂಗಳೂರು, ಪುಣೆ ಅಂತ ಗುಳೆ ಹೋಗ್ತಾರ, ಕೂಸನ್ನ ಕಟ್ಕೊಂಡೇ ಹೋಗ್ತಾರ, ಸಿಮ್ ಬದಲಾಗ್ತದ, ಮುಗೀತು. ದೂರದಾಗ ಕೂತ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಇದು ತಿಳಿಯಲ್ಲ, "ಲಾಸ್ಟ್ ಟು ಫಾಲೋಅಪ್" (ಸಂಪರ್ಕ ತಪ್ಪಿದವ್ರು) ಅಂತ ಒಂದು ಕಾಲಂ ತುಂಬ್ತಾನ.

ನಾನು ಮಾಡೋದು: ಸೇರೋ ದಿನವೇ ನಾಲ್ಕು ನಂಬರ್ ತಗೋತೀನಿ, ತಾಯಿದು, ತಂದಿದು, ತಾಯಿ ತೌರುಮನಿದು, ಊರಿನ ಕಿರಾಣಿ ಅಂಗಡಿದು. ಗುಳೆ ಹೋದ್ರ ಯಾವ ಮೇಸ್ತ್ರಿ ಕೈ ಕೆಳಗ ಹೋಗ್ತೀರಿ ಅಂತನೂ ಕೇಳ್ತೀನಿ. ಇವೆಲ್ಲಾ ಒಪ್ಪಿಗಿ ಪತ್ರದಾಗ ಬರದು, ಅವ್ರು ಹ್ಞೂಂ ಅಂದ ಮ್ಯಾಲೇ. ಕಿರಾಣಿಯವ್ರಿಗೆ ರೋಗದ ಸುದ್ದಿ ಹೇಳಂಗಿಲ್ಲ, "ಆಸ್ಪತ್ರಿಯಿಂದ ಫೋನ್ ಬಂದಿತ್ತು ಅನ್ರಿ" ಅಷ್ಟೇ. ವಿಸಿಟ್ ತಾರೀಖು ಹಾಕುವಾಗ ನಾಟಿ ವಾರ, ಹುಲಿಗೆಮ್ಮನ ಹುಣ್ಣಿಮಿ, ಜನವರಿಯಾಗ ಗವಿಸಿದ್ಧೇಶ್ವರ ಜಾತ್ರಿ ಇವುಗಳನ್ನ ಕ್ಯಾಲೆಂಡರ್‌ನಾಗ ಕೆಂಪು ಮಾಡಿ ಇಟ್ಟಿರ್ತೀನಿ. ಬಸ್ ಚಾರ್ಜು, ಆ ದಿನದ ಕೂಲಿ ಹೋಗಿದ್ದು ಕೊಡಬಹುದು, ಎಷ್ಟು ಅಂತ ಎಥಿಕ್ಸ್ ಕಮಿಟಿ ಮೊದಲೇ ಒಪ್ಪಿರ್ಬೇಕು, ರೊಕ್ಕದ ಆಸೆಗೇ ಮಗುವನ್ನ ಸೇರಿಸೋ ಅಷ್ಟು ಇರಬಾರ್ದು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ನಿದ್ದಿಗೆಟ್ಟು ಬೆಂಗಳೂರಿಗೆ ಇಳಿದ ಕೂಸನ್ನ ಬೆಳಿಗ್ಗೆನೇ ಡೆವಲಪ್‌ಮೆಂಟ್ ಟೆಸ್ಟ್‌ಗೆ ಕೂಡಿಸಿದ್ರ ಫೇಲ್ ಆಗ್ತದ, ಅದು ಮೆದುಳಿನ ಫೇಲ್ ಅಲ್ಲ, ರೈಲಿನ ಫೇಲು. ಮಲಗ್ಸಿ, ಹಾಲು ಕುಡ್ಸಿ, ಮಧ್ಯಾಹ್ನ ಟೆಸ್ಟ್ ಮಾಡ್ರಿ. ನಿದ್ದಿಗೆಟ್ಟ ಕೂಸು ಇಇಜಿಗೆ ಮಾತ್ರ ಬಂಗಾರ, ವಾಯರ್ ಹಚ್ಚಿದ ಕೂಡ್ಲೆ ಮಲಗ್ತದ.

ಹೆಜ್ಜೆ 8: ಮೊದಲನೇ ಕೆಲಸ

ನಿಮ್ಹಾನ್ಸ್, ಮೆಡಿಕಲ್ ಕಾಲೇಜುಗಳು, ಐಸಿಎಂಆರ್ ಇವ್ರ ವೆಬ್‌ಸೈಟ್‌ನಾಗ ಪ್ರಾಜೆಕ್ಟ್ ಪೋಸ್ಟ್ ಅಂತ ವಾಕ್-ಇನ್ ಇಂಟರ್ವ್ಯೂ ನೋಟಿಸ್ ಬರ್ತಾನೇ ಇರ್ತಾವ, ವಾರಕ್ಕೊಮ್ಮೆ ನೋಡ್ರಿ. ಪ್ರಾಜೆಕ್ಟ್ ಮುಗಿದ್ರ ಕೆಲಸನೂ ಮುಗೀತದ, ಇದು ತಿಳ್ಕೊಂಡೇ ಸೇರ್ರಿ, ಅವಧಿ ಮುಗಿಯೋ ಆರು ತಿಂಗಳು ಮೊದಲೇ ಮುಂದಿಂದು ಹುಡುಕ್ರಿ. ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಆದ್ರ 2023ರಿಂದ ತಿಂಗಳಿಗೆ 37,000 ರೂಪಾಯಿ, ಮ್ಯಾಲ ಮನಿ ಬಾಡಿಗಿ ಭತ್ಯೆ. ಖಾಸಗಿ ಕಡೆ ಕೋಆರ್ಡಿನೇಟರ್ ಶುರುವಿನ ಸಂಬಳ ಇದಕ್ಕಿಂತ ಕಮ್ಮಿನೇ ಇರ್ತದ, ಬೆಂಗಳೂರು ಬಾಡಿಗಿ ಕೊಟ್ಟು ಊರಿಗೆ ಕಳ್ಸಾಕ ಏನೂ ಉಳಿಯಲ್ಲ ಅಂತ ಮನ್ಯಾಗ ಮೊದಲೇ ಹೇಳಿ ಹೊರಡ್ರಿ.

"ನೂರಕ್ಕ ನೂರು ಪ್ಲೇಸ್‌ಮೆಂಟ್" ಅಂತ ಬೋರ್ಡ್ ಹಾಕಿರೋ ಟ್ರೈನಿಂಗ್ ಸೆಂಟರ್‌ಗಳಿಗೆ ಹುಷಾರು. ನಾನು ಅಪ್ಪನ ಕೈಯಿಂದ ಭತ್ತ ಮಾರಿದ ರೊಕ್ಕ ತಗೊಂಡು ಅಂಥಾ ಒಂದ್ರಾಗ ಕಟ್ಟಿ ಆರು ತಿಂಗಳು ಕೂತೆ, ಕೊಟ್ಟಿದ್ದು ಒಂದು ಫೈಲು, ಒಂದು ಟೈ, ಜಿಸಿಪಿ ಸರ್ಟಿಫಿಕೇಟು. ಪ್ಲೇಸ್‌ಮೆಂಟ್ ಅಂತ ಕಳ್ಸಿದ್ದು ಕಾಲ್ ಸೆಂಟರ್‌ಗೆ. ಆ ಸರ್ಟಿಫಿಕೇಟು ಪುಕ್ಕಟೆ ಸಿಗ್ತದ ಅಂತ ಆಮ್ಯಾಲ ಗೊತ್ತಾತು, ಈಗ್ಲೂ ಅಪ್ಪಗ ಹೇಳಿಲ್ಲ.

ಬಯೋಡೇಟಾದಾಗ "ಹಾರ್ಡ್ ವರ್ಕಿಂಗ್" ಅಂತ ಬರೀಬ್ಯಾಡ್ರಿ, ಎಲ್ರೂ ಅದೇ ಬರೀತಾರ. ಕನ್ನಡ, ತೆಲುಗು, ಉರ್ದು ಮಾತಾಡಬಲ್ಲೆ, ಡಿಇಐಸಿಯಾಗ ಇಷ್ಟು ದಿನ ಕೂತೀನಿ, ಹತ್ತು ಪ್ರೋಟೋಕಾಲ್ ಓದೀನಿ ಅಂತ ಬರೀರಿ, ಆ ನೋಟ್‌ಬುಕ್ ಇಂಟರ್ವ್ಯೂಗೆ ತಗೊಂಡೇ ಹೋಗ್ರಿ. ಮೂರು ಭಾಷೆ ಬರೋ ಹುಡುಗಿಯನ್ನ ಬಿಡೋ ಪಿಐ (ಸ್ಟಡಿಯ ಮುಖ್ಯಸ್ಥ) ಇನ್ನೂ ನನಗ ಕಂಡಿಲ್ಲ.

ಕೊನೀಗೆ ಎಲ್ರೂ ಕೇಳೋದು ಒಂದೇ, ವಾಪಸ್ ಊರಿಗೆ ಬಂದು ಈ ಕೆಲಸ ಮಾಡಬಹುದಾ ಅಂತ. ರಾಯಚೂರಿನ್ಯಾಗ ರಿಮ್ಸ್, ನವೋದಯ ಮೆಡಿಕಲ್ ಕಾಲೇಜು ಅವ, ಕೊಪ್ಪಳದಾಗ ಕಿಮ್ಸ್ ಮೆಡಿಕಲ್ ಕಾಲೇಜು ಅದ, ಬಳ್ಳಾರಿದು ಹೇಳೇ ಹೇಳೀನಿ. ಏಮ್ಸ್ ಬೇಕು ಅಂತ ರಾಯಚೂರಿನ್ಯಾಗ 2022ರಿಂದ ಮಂದಿ ಸಾವಿರ ದಿನ ದಾಟಿ ಧರಣಿ ಕೂತಾರ, ನಾನೂ ರಜಾಕ್ಕ ಬಂದಾಗ ಒಂದೆರಡು ದಿನ ಕೂತು ಬಂದೀನಿ. ಅದು ಬರೋತನಕ ಕಾಯೋದು ಬ್ಯಾಡ. ಐದು ಊರಿನ ಆರು ವರ್ಷದೊಳಗಿನ ಮಕ್ಕಳಾಗ ಯಾರಿಗೆ ಫಿಟ್ಸ್ ಬಂದಿತ್ತು, ಯಾರು ಗುಳಿಗಿ ನಡುವ ಬಿಟ್ರು, ಯಾಕ ಬಿಟ್ರು ಅಂತ ಕೇಳೋ ಸ್ಟಡಿಗೆ ದೊಡ್ಡ ಮಷೀನ್ ಬೇಕಿಲ್ಲ, ಒಬ್ಬ ಪೀಡಿಯಾಟ್ರಿಕ್ಸ್ ಪ್ರೊಫೆಸರ್, ಎಥಿಕ್ಸ್ ಒಪ್ಪಿಗಿ, ಎರಡು ಗಾಡಿ ಸಾಕು. ನಾನು ಬರೋ ವರ್ಷ ಅದೇ ಮಾಡೋಣಂತ ಒಬ್ಬ ಸರ್ ಹಿಂದ ಬಿದ್ದೀನಿ, ಪ್ರೋಟೋಕಾಲ್ ಎರಡನೇ ಡ್ರಾಫ್ಟ್ ಆಗ್ಯದ, ಫಿಟ್ಸ್‌ಗೆ ಯಾವ ಮಾತು ಹಾಕ್ಬೇಕು ಅನ್ನೋದ್ರ ಮ್ಯಾಲ ಇನ್ನೂ ಜಗಳ ನಡದದ. ಮಾನ್ವಿ, ಮಸ್ಕಿ ಕಡೆಯವ್ರು ನಿಮ್ಮ ಊರಾಗ ಏನಂತಾರ ಹೇಳ್ರಿ, ಲಿಸ್ಟ್‌ಗೆ ಸೇರ್ಸ್ತೀನಿ.